ಪಕ್ಕದ ಸೀಟಿನ ಮೇಷ್ಟ್ರು

ಡ್ರೈವಿಂಗ್ ಮೇಷ್ಟ್ರಿಗೆ ಒಬ್ಬ ಟೈಲರನ ಮೇಲೆ ಹೊಟ್ಟೆಕಿಚ್ಚು ಅಂದರೆ ಕೇಳಿದವರು ನಕ್ಕಾರು. ಅದೂ ಸ್ಕೂಟರಿನ ಲೈಸೆನ್ಸೂ ಇಲ್ಲದ ಟೈಲರು, ಸಾಲದ್ದಕ್ಕೆ ಹೆಂಡತಿಯ ಖಾಸಾ ತಮ್ಮ.

ಮೇಷ್ಟ್ರು ಇಪ್ಪತ್ತಾರು ವರ್ಷದಿಂದ ಊರಿಗೆಲ್ಲ ಕಾರು ಕಲಿಸಿದವರು. ಬ್ಯಾಂಕಿನ ಮ್ಯಾನೇಜರು, ಹಲ್ಲಿನ ಡಾಕ್ಟರು, ರಿಟೈರಾದ ಮೇಲೆ ಶೋಕಿ ಹತ್ತಿದ ಅಜ್ಜಂದಿರು, ಎಲ್ಲರೂ ಆ ಬಿಳಿ ಕಾರಿನಲ್ಲಿ ಬೆವರಿದವರೇ. ಅದರಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು, ಮೇಷ್ಟ್ರಿಗಾಗಿ. ಆಕ್ಸಿಲರೇಟರ್ ಮಾತ್ರ ಇರಲಿಲ್ಲ. ಕಲಿಯುವವರು ಎಡವಟ್ಟು ಮಾಡುವ ಮೊದಲೇ ಮೇಷ್ಟ್ರ ಕಾಲು ಬ್ರೇಕಿನ ಮೇಲಿರುತ್ತಿತ್ತು. ಇಷ್ಟು ವರ್ಷದಲ್ಲಿ ಒಂದು ನಾಯಿಮರಿಗೂ ಗಾಯವಾಗಿಲ್ಲ ಎಂದು ಅವರು ಹೇಳಿಕೊಳ್ಳುತ್ತಿದ್ದರು, ಅದು ಸುಳ್ಳೇನಲ್ಲ.

ಇಂಥವರ ಒಬ್ಬಳೇ ಮಗಳು, ಹತ್ತೊಂಬತ್ತರವಳು, ಅಪ್ಪನ ಕಾರಿನಲ್ಲಿ ಕಲಿಯಲು ಕೂತದ್ದು ಒಂದೇ ಒಂದು ದಿನ. ಅರ್ಧ ಗಂಟೆಗೆ ಕೀಲಿ ತೆಗೆದು ಅವರ ಕೈಗಿಟ್ಟು, "ನನ್ನ ಕೈಲಿ ಆಗಲ್ಲಪ್ಪ" ಎಂದು ನಡೆದೇ ಮನೆಗೆ ಹೋದಳು. ಮಾರನೆಯ ದಿನದಿಂದ ಸಂಜೆಯಾದರೆ ಸಾಕು, ಮಾವನ ಅಂಗಡಿ.

ಅಲ್ಲಿದ್ದದ್ದು ಒಂದು ಆಟ. ಬಟ್ಟೆ ಕತ್ತರಿಸುವ ಮೇಜಿನ ತುದಿಗೆ ಟೈಲರು ಒಂದು ಸ್ಟೀರಿಂಗ್ ಬಿಗಿದು, ಕೆಳಗೆ ಮೂರು ಪೆಡಲ್ ಕೂರಿಸಿ, ಎದುರಿಗೆ ದೊಡ್ಡ ಟೀವಿ ಇಟ್ಟುಕೊಂಡಿದ್ದ. ಪರದೆಯ ಮೇಲೆ ರೇಸಿನ ಕಾರು. ಮಕ್ಕಳಾಟವೇನಲ್ಲ. ಟೈರು ಬಿಸಿಯಾಗದಿದ್ದರೆ ಕಾರು ಜಾರುತ್ತದೆ, ತಿರುವಿನಲ್ಲಿ ಸ್ಟೀರಿಂಗ್ ಕೈಯನ್ನೇ ಎಳೆಯುತ್ತದೆ, ಬ್ರೇಕು ಸ್ವಲ್ಪ ಹೆಚ್ಚಾದರೆ ಚಕ್ರ ಕಚ್ಚಿಕೊಂಡು ನೇರ ಗೋಡೆಗೆ. ಹೊಲಿಗೆ ಮಿಷನ್ನಿನ ಪೆಡಲನ್ನು ಹದವಾಗಿ ಒತ್ತಿ ಪಳಗಿದ ಕಾಲು ಟೈಲರನದು. ಒಂದು ಸುತ್ತನ್ನು ಒಂದು ನಿಮಿಷ ಐವತ್ತೆರಡು ಸೆಕೆಂಡಿನಲ್ಲಿ ಮುಗಿಸುತ್ತಿದ್ದ.

ಊಟಕ್ಕೆ ಕೂತರೆ ಮಗಳ ಬಾಯಲ್ಲಿ ಅದೇ ಪುರಾಣ. "ತಿರುಗೋವಾಗ ಕಣ್ಣು ತಿರುವು ಮುಗಿಯೋ ಕಡೆ ಇರ್ಬೇಕಂತೆ. ಮಾವ ಹೇಳ್ದ."

ಈ ಮಾತನ್ನು ಮೇಷ್ಟ್ರು ಇಪ್ಪತ್ತಾರು ವರ್ಷದಿಂದ ದಿನಕ್ಕೆ ಎಂಟು ಸಲ ಹೇಳುತ್ತ ಬಂದಿದ್ದರು.

"ಗುದ್ದಿದ್ರೂ ನೆಗ್ಗದೇ ಇರೋ ಕಾರನ್ನ ಯಾರ್ ಬೇಕಾದ್ರೂ ಓಡಿಸ್ತಾರೆ," ಅಂದರು.

"ನನ್ನ ತಮ್ಮನ್ನ ಕಂಡ್ರೆ ಯಾಕ್ರೀ ಹಂಗೆ ಉರ್ಕೋತೀರಾ?" ಎಂದಳು ಹೆಂಡತಿ.

"ಉರ್ಕೊಳ್ಳೋಕೆ ನನಗೇನಾಗಿದೆ?"

ಮೈಯೆಲ್ಲ ಉರಿಯುತ್ತಿತ್ತು. ಮಗಳು ತನ್ನ ಹತ್ತಿರ ಕಲಿಯಬೇಕು, ಅಷ್ಟೇ ಅವರಿಗೆ ಬೇಕಾದದ್ದು. ಊರಿಗೆಲ್ಲ ಬೇಕಾದ ಮೇಷ್ಟ್ರು ಮನೆ ಮಗಳಿಗೇ ಬೇಡವಾದರೆ ಯಾರ ಮುಂದೆ ಹೇಳಿಕೊಳ್ಳುವುದು?

ಟೈಲರನ ಸೊಕ್ಕು ಇಳಿಸಿಯೇ ಬರುತ್ತೇನೆಂದು ಭಾನುವಾರ ಸಂಜೆ ಅಂಗಡಿಗೆ ಹೋದರು. ಪಾಪ, ಅವನಿಗೆ ಸೊಕ್ಕೇ ಇರಲಿಲ್ಲ. "ಬನ್ನಿ ಭಾವ, ಕೂತ್ಕೊಳ್ಳಿ," ಎಂದು ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ. ಅದನ್ನೂ ಮೇಷ್ಟ್ರಿಗೆ ಸಹಿಸಲಾಗಲಿಲ್ಲ.

ಸ್ಟೀರಿಂಗ್ ಹಿಡಿದ ಕೈ ಸರಿಯಾಗಿಯೇ ಇತ್ತು. ಕಾಲು ಮಾತು ಕೇಳಲಿಲ್ಲ. ದೂರದಲ್ಲಿ ತಿರುವು ಕಂಡರೆ ಬ್ರೇಕು, ಪಕ್ಕಕ್ಕೆ ಇನ್ನೊಂದು ಕಾರು ಬಂದರೆ ಬ್ರೇಕು, ಏನೂ ಇಲ್ಲದ ನೇರ ರಸ್ತೆಯಲ್ಲೂ ಬ್ರೇಕು. ಹಿಂದಿನ ಕಾರುಗಳು ಬಂದು ಬಂದು ಗುದ್ದಿದವು. ಸುತ್ತು ಮುಗಿಯಲು ಮೂರು ನಿಮಿಷ ನಲವತ್ತು ಸೆಕೆಂಡು ಹಿಡಿಯಿತು.

"ರಸ್ತೆ ಖಾಲಿ ಇತ್ತಲ್ಲ ಭಾವ, ಯಾಕೆ ಒತ್ತಿದ್ರಿ?" ಟೈಲರು ನಿಜವಾಗಿಯೂ ತಿಳಿಯದೆ ಕೇಳಿದ.

ಮೇಷ್ಟ್ರು ಬಗ್ಗಿ ಪೆಡಲ್ ನೋಡಿದರು.

"ನಾನೂ ಅವತ್ತು ಅದನ್ನೇ ಕೇಳ್ದೆ," ಅಂದಳು ಪಕ್ಕದಲ್ಲೇ ನಿಂತಿದ್ದ ಮಗಳು. "ನಿನ್ನ ಕಾರಲ್ಲಿ ನಾನು ಒತ್ತೋಕೆ ಮುಂಚೆನೇ ಬ್ರೇಕು ತಾನಾಗೇ ಇಳಿದ್ಬಿಡುತ್ತೆ. ಓಡಿಸ್ತಿರೋದು ನಾನೋ ನೀನೋ ಗೊತ್ತಾಗಲ್ಲ. ಇಲ್ಲಿ ಗುದ್ದಿದ್ರೂ ನಾನೇ ಗುದ್ದೋದು."

ಮೇಷ್ಟ್ರು ಎದ್ದು ಬಂದರು. ಮರುದಿನ ಹಲ್ಲಿನ ಡಾಕ್ಟರ ಹೆಂಡತಿಗೆ ಕಲಿಸುವಾಗ ತಮ್ಮ ಕಾಲು ಎಷ್ಟು ಸಲ ಬ್ರೇಕು ಒತ್ತುತ್ತದೆಂದು ಲೆಕ್ಕ ಹಾಕಿದರು. ಒಂದು ಗಂಟೆಯಲ್ಲಿ ಮೂವತ್ತೊಂದು ಸಲ ಒತ್ತಿತ್ತು. ಬೇಕಾಗಿ ಒತ್ತಿದ್ದು ನಾಲ್ಕೋ ಐದೋ.

ಗುರುವಾರ ಬೆಳಿಗ್ಗೆ ಕೀಲಿ ಹಿಡಿದು ಮಗಳ ಮುಂದೆ ನಿಂತರು. "ಬಾ. ಇವತ್ತು ಒತ್ತಲ್ಲ."

"ಅವತ್ತೂ ನೀನು ಹಂಗೇ ಅಂದಿದ್ದೆ."

ಹಾಗೆಂದರೂ ಬಂದಳು. ಗೋದಾಮಿನ ಹಿಂದಿನ ಖಾಲಿ ಮೈದಾನಕ್ಕೆ ಹೋದ ಮೇಲೆ ಮೇಷ್ಟ್ರು ಚಪ್ಪಲಿ ಕಳಚಿದರು. ಬೆಲ್ಟು ಬಿಗಿದುಕೊಂಡು, ಊಟಕ್ಕೆ ಕೂತವರ ಹಾಗೆ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಮಗಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಅವರ ಮುಖ ನೋಡಿ, ನಗು ನಿಲ್ಲಿಸಿ ಗಾಡಿ ಹೊರಡಿಸಿದಳು.

ಎರಡು ಸುತ್ತು ಚೆನ್ನಾಗಿಯೇ ಹೋಯಿತು. ಮೂರನೆಯದರಲ್ಲಿ ಕಾರು ಗೋದಾಮಿನ ಗೋಡೆಯ ಕಡೆಗೆ ಧಾವಿಸಿತು. ಮೇಷ್ಟ್ರು ಎರಡೂ ಕೈಯಿಂದ ತಮ್ಮ ಪಾದಗಳನ್ನು ಅದುಮಿ ಹಿಡಿದರು. ಬಾಯಿಗೆ ಬಂದ "ಬ್ರೇಕ್" ಅನ್ನುವ ಮಾತನ್ನೂ ನುಂಗಿದರು. ಗೋಡೆಗೆ ಎರಡು ಮಾರು ಇರುವಾಗ ಕಾರು ನಿಂತಿತು. ನಿಲ್ಲಿಸಿದವಳು ಮಗಳು.

"ಹೆದರ್ಕೊಂಡ್ಯಾ ಅಪ್ಪ?"

"ಎಲ್ಲಿ! ನಾನ್ಯಾಕೆ ಹೆದರ್ಕೊಳ್ಳಲಿ," ಅಂದರು. ಅಂಗಿ ಬೆನ್ನಿಗೆ ಅಂಟಿತ್ತು.

ಮಗಳು ರಿವರ್ಸ್ ಹಾಕಿದಳು. "ನಾಳೆ ಎಷ್ಟೊತ್ತಿಗೆ ಬರೋಣ?"

ಈ ಒಂದು ಮಾತಿಗಾಗಿ ಎಷ್ಟು ದಿನ ಕಾದಿದ್ದರೋ. ಮೇಷ್ಟ್ರು ಹೊತ್ತು ಹೇಳುವಷ್ಟರಲ್ಲಿ ಅವಳೇ ಮುಂದುವರಿಸಿದಳು. "ಮಾವನ್ನೂ ಕರ್ಕೊಂಡ್ ಬರ್ಲಾ? ಸುಮ್ನೆ ಹಿಂದಿನ ಸೀಟಲ್ಲಿ ಕೂತಿರ್ತಾನೆ."

"ಬೇಡ," ಅಂದರು ಮೇಷ್ಟ್ರು. ಅಂದದ್ದಕ್ಕೆ ಅವರಿಗೇ ನಾಚಿಕೆಯಾಯಿತು, ಆದರೂ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ.