ಮಲಕಪ್ಪನವರ ಎದುರಿಗೇ ಆಡಿದ ಗುಟ್ಟು

ಕೊರೋನಾ ಕಾಲದ ಮಾಸ್ಕುಗಳು ಮುಖದಿಂದ ಕಳಚಿದ ಮರುವರ್ಷ. ನಾನಾಗ ಸೊಲ್ಲಾಪುರದ ಒಂದು ಖಾಸಗಿ ಆಸ್ಪತ್ರೆಯ ನ್ಯೂರೋ ವಾರ್ಡಿನಲ್ಲಿ ಹಿರಿಯ ಫಿಜಿಯೋಥೆರಪಿಸ್ಟ್. ಪಾರ್ಶ್ವವಾಯು ಹೊಡೆದವರ ಕೈಕಾಲುಗಳಿಗೆ ಮತ್ತೆ ಚಲನೆ ಕಲಿಸುವುದು ನನ್ನ ಕೆಲಸ. ಇದರಲ್ಲಿ ಕೈಗಿಂತ ಬಾಯಿಗೇ ಹೆಚ್ಚು ದುಡಿತ. ‘ಎತ್ತಿ, ಚಾಚಿ, ಇನ್ನೊಂದು ಸಲ’ ಎಂದು ಬೆಳಗಿನಿಂದ ಸಂಜೆಯವರೆಗೆ ಹೇಳುತ್ತಲೇ ಇರಬೇಕು. ಮನೆಗೆ ಬಂದರೂ ನನಗೆ ಆ ಚಟ ಬಿಡುವುದಿಲ್ಲವೆಂದು ನನ್ನ ಗಂಡನ ದೂರು.

ವಾರ್ಡಿನ ಭಾಷೆ ಮರಾಠಿ. ಅಕ್ಕಲಕೋಟದ ಕಡೆಯಿಂದ ಬರುವ ಅನೇಕ ಮನೆತನದವರು ಮನೆಯಲ್ಲಿ ಕನ್ನಡವಾಡಿದರೂ ಡಾಕ್ಟರ ಮುಂದೆ ಮರಾಠಿಗೆ ತಿರುಗುತ್ತಾರೆ. ಅದೇ ಮರ್ಯಾದೆ ಎಂಬ ಭಾವನೆ. ಆದರೆ ಸಿಬ್ಬಂದಿಗೆ ತಿಳಿಯಬಾರದ ಮಾತು ಬಂದರೆ ತಟ್ಟನೆ ಕನ್ನಡ! ನಾನೂ ಅದೇ ಕಡೆಯ ವಾಗದರಿಯ ಹುಡುಗಿ, ಮನೆಮಾತು ಕನ್ನಡ, ಆದರೆ ಎದೆಯ ಮೇಲಿನ ಬ್ಯಾಡ್ಜಿನಲ್ಲಿ ಅತ್ತೆಮನೆಯ ಮರಾಠಿ ಅಡ್ಡಹೆಸರು. ಹೀಗಾಗಿ ಜನ ನನ್ನೆದುರಿಗೇ ಎಷ್ಟು ಗುಟ್ಟು ಬಿಚ್ಚಿದ್ದಾರೋ ಲೆಕ್ಕವಿಲ್ಲ. ಡಾಕ್ಟರರ ಬೋಳುತಲೆ, ನರ್ಸಮ್ಮನ ಸಿಡುಕು, ನನ್ನ ಗಾತ್ರ, ಯಾವುದನ್ನೂ ಬಿಟ್ಟಿಲ್ಲ. ನಾನು ಒಳಗೊಳಗೇ ನಗುತ್ತ ಕೇಳದವಳಂತೆ ಇದ್ದುಬಿಡುತ್ತಿದ್ದೆ.

ಮಲಕಪ್ಪನವರು ಅಕ್ಕಲಕೋಟದವರು, ಎಪ್ಪತ್ತು ದಾಟಿದವರು. ಸೊಲ್ಲಾಪುರದಲ್ಲಿ ಅವರದು ಚಾದರ, ಟವೆಲ್ಲುಗಳ ಅಂಗಡಿ. ಮೆದುಳಿನ ಎಡಭಾಗಕ್ಕೆ ಹೊಡೆತ ಬಿದ್ದು ಬಲಗೈ, ಬಲಗಾಲು ಸೋತಿದ್ದವು, ಮಾತು ನಿಂತಿತ್ತು. ಹಿರಿಯ ಮಗ ರೇವಣಪ್ಪ ಕಾಳಜಿಯ ಮನುಷ್ಯ. ದಿನಾಲೂ ತಂದೆಯ ಗಡ್ಡ ತಾನೇ ಬೋಳಿಸುತ್ತಿದ್ದ. “ಅಪ್ಪನ ಜೊತೆ ಮರಾಠಿಯಲ್ಲೇ ಮಾತಾಡಿ, ಜೀವನವಿಡೀ ಗಿರಾಕಿಗಳ ಜೊತೆ ಆಡಿದ ಭಾಷೆ” ಎಂದು ಅವನೇ ಮರಾಠಿಯಲ್ಲಿ ನಮಗೆ ಹೇಳಿದ್ದ.

ಹಾಗೆಯೇ ಮಾಡಿದೆವು, ನಮ್ಮೆದುರು ಮನೆಯವರೂ ಅವರನ್ನು ಮರಾಠಿಯಲ್ಲೇ ಮಾತಾಡಿಸುತ್ತಿದ್ದರು. “ಕಾಕಾ, ಡೋಳೇ ಮಿಟಾ” ಎಂದರೆ ಅವರು ಕಣ್ಣು ಮುಚ್ಚುತ್ತಿರಲಿಲ್ಲ. “ಹಾತ್ ವರ್ ಕರಾ” ಎಂದರೆ ಚೆನ್ನಾಗಿದ್ದ ಎಡಗೈಯನ್ನೂ ಎತ್ತುತ್ತಿರಲಿಲ್ಲ. ನನ್ನ ತುಟಿಗಳನ್ನೇ ನೋಡುತ್ತಿದ್ದರು. ಮೆದುಳಿನ ಪೆಟ್ಟಿನಿಂದ ಭಾಷೆಯ ಶಕ್ತಿ ಕೆಡುವುದಕ್ಕೆ ಅಫೇಸಿಯಾ ಎನ್ನುತ್ತಾರೆ. ಕೆಲವರಿಗೆ ಆಡಲು ಬಾರದು, ಕೆಲವರಿಗೆ ಕೇಳಿದ್ದೂ ತಿಳಿಯದು. ಇವರಿಗೆ ಎರಡೂ ಹೋಗಿವೆ ಎಂದು ಎಲ್ಲರೂ ತೀರ್ಮಾನಿಸಿದೆವು.

ನುಂಗಲು ಆಗದ ಕಾರಣ ಮೂಗಿನಿಂದ ಹೊಟ್ಟೆಗೆ ಆಹಾರದ ನಳಿಕೆ ಇಳಿಸಿದ್ದರು. ಅವರು ಎಡಗೈಯಿಂದ ಅದನ್ನು ಕಿತ್ತು ಹಾಕಿದರು. ಮತ್ತೆ ಹಾಕಿದರೆ ಮತ್ತೆ ಕಿತ್ತರು. ನರ್ಸುಗಳು ಆ ಕೈಯನ್ನು ಮಂಚಕ್ಕೆ ಬಟ್ಟೆಯಿಂದ ಕಟ್ಟಿದರು. ಕೊನೆಗೆ ಡಾಕ್ಟರರು ಪೆಗ್ ಟ್ಯೂಬಿನ ಮಾತೆತ್ತಿದರು. ಹೊಟ್ಟೆಗೆ ಸಣ್ಣ ತೂತು ಮಾಡಿ ನೇರವಾಗಿ ಕೂರಿಸುವ ನಳಿಕೆ ಅದು. ಬೇಕೋ ಬೇಡವೋ ಮನೆಯವರು ಹೇಳಬೇಕಿತ್ತು. ಬೇಡವೆಂದರೆ ಮಲಕಪ್ಪನವರು ಹಸಿವಿನಿಂದಲೇ ಮುಗಿಯುತ್ತಿದ್ದರು.

ಮರುದಿನ ಬೆಳಿಗ್ಗೆ ವ್ಯಾಯಾಮಕ್ಕೆಂದು ಅವರ ಎಡಗೈಯ ಕಟ್ಟು ಬಿಚ್ಚಿದ್ದೆ. ಮಂಚದ ಒಂದು ಬದಿಗೆ ರೇವಣಪ್ಪ, ಇನ್ನೊಂದು ಬದಿಗೆ ಅವನ ತಂಗಿ ಮಹಾದೇವಿ. ನನ್ನತ್ತ ಒಮ್ಮೆ ನೋಡಿ ರೇವಣಪ್ಪ ಕನ್ನಡಕ್ಕೆ ತಿರುಗಿದ.

“ಟ್ಯೂಬ್ ಬ್ಯಾಡ ಅನ್ನೂಣು ತಂಗಿ. ಅಪ್ಪಾಗ ಏನೂ ತಿಳೀವಲ್ದು. ಬರೇ ದೇಹ ಅದ, ಅಪ್ಪಾ ಎಂದೋ ಹೋಗ್ಯಾನ. ಮನಿಗಿ ಒಯ್ದು ಬಾಯಾಗ ನೀರ್ ಬಿಡೂಣು.”

“ಉಪಾಶಿ ಕೆಡವೂದೇನಣ್ಣಾ?” ಎಂದಳು ಮಹಾದೇವಿ.

“ಅವಗ ಹಸಿವಿ ಗೊತ್ತಾಗ್ತದೇನ? ಯಾಕ ಸುಮ್ಮ ತ್ರಾಸ ಕೊಡೂದು.”

ಅಷ್ಟರಲ್ಲಿ ನನ್ನ ಮಣಿಕಟ್ಟು ಬಿಗಿಯಿತು. ಮಲಕಪ್ಪನವರ ಎಡಗೈ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿತ್ತು. ನೋಡಿದರೆ ಅವರ ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆಗೆ ಹರಿಯುತ್ತಿದೆ. ಪಾರ್ಶ್ವವಾಯುವಿನವರು ಕಾರಣವಿಲ್ಲದೆಯೂ ಅಳುವುದುಂಟು, ಅದು ನನಗೆ ಗೊತ್ತು. ಆದರೆ ಆ ಕಣ್ಣು ನೇರವಾಗಿ ಮಗನ ಮೇಲಿತ್ತು. ನಾನು ಬಾಗಿ, ಆ ವಾರ್ಡಿನಲ್ಲಿ ಮೊದಲ ಸಲ ನನ್ನ ತವರಿನ ಮಾತಾಡಿದೆ.

“ಅಪ್ಪಾರ, ನಿಮಗ ತಿಳ್ಯಾಕತ್ತದೇನ್ರಿ? ತಿಳೀತಿದ್ರ ನನ್ನ ಕೈ ಬಿಡ್ರಿ.”

ಅವರು ಕೈ ಬಿಟ್ಟರು.

“ಕಣ್ಣ ಮುಚ್ಚರಿ” ಎಂದೆ, ಮುಚ್ಚಿದರು. “ಮಗಳು ಯಾರು, ತೋರಸ್ರಿ” ಎಂದೆ. ಎಡಗೈ ಮೆಲ್ಲಗೆ ಎದ್ದು ಮಹಾದೇವಿಯತ್ತ ಚಾಚಿತು. ಆಕೆ ಬಾಯಿಗೆ ಸೆರಗು ಒತ್ತಿಕೊಂಡು ಕುಸಿದು ಕುಳಿತಳು. ರೇವಣಪ್ಪನ ಮುಖದಲ್ಲಿ ರಕ್ತವೇ ಇರಲಿಲ್ಲ.

“ಮ್ಯಾಡಮ್, ನಿಮಗ ಕನ್ನಡ ಬರ್ತದ?” ಎಂದ ಆ ಪುಣ್ಯಾತ್ಮ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ನನಗ ಬರೂದು ಹಾಳಾಗ್ಲಿ, ಅಪ್ಪಾರಿಗಿ ಬರ್ತದ!” ಎಂದೆ.

ಡಾಕ್ಟರರು ಓಡಿ ಬಂದು ತಾವೇ ಪರೀಕ್ಷಿಸಿದರು. ಎರಡು ಭಾಷೆ ಬಲ್ಲವರಲ್ಲಿ ಒಮ್ಮೊಮ್ಮೆ ಒಂದು ಭಾಷೆ ಹೆಚ್ಚು ಕೆಟ್ಟು ಇನ್ನೊಂದು ಉಳಿಯುತ್ತದೆ ಎಂದು ವಿವರಿಸಿದರು. ಅಂಗಡಿಯ ಮರಾಠಿ ಹೋಗಿತ್ತು, ಅವ್ವನ ಕನ್ನಡ ಉಳಿದಿತ್ತು. ಅಂದರೆ ನಾವು ಪ್ರೀತಿಯಿಂದ ಹೇಳಿದ್ದೊಂದೂ ಅವರನ್ನು ತಲುಪಿರಲಿಲ್ಲ. ತಲುಪಿದ್ದು ಮನೆಯವರ ಗುಟ್ಟೊಂದೇ!

ನಳಿಕೆಯನ್ನು ಕಿತ್ತದ್ದೂ ಆಗ ಅರ್ಥವಾಯಿತು. ಮೂಗಿಗೆ ತುರುಕಿದ್ದು ಏನೆಂದು ಅವರಿಗೆ ತಿಳಿಯುವ ಮಾತಿನಲ್ಲಿ ಯಾರೂ ಹೇಳಿರಲಿಲ್ಲ. ನಾನು ಹೇಳಿದೆ: “ಅಪ್ಪಾರ, ಇದು ಊಟದ ನಳಗಿ. ನುಂಗಾಕ ಬರೂತನಕಾ ಇದರಾಗಿಂದಾನ ಹಾಲು, ಗಂಜಿ. ಕೀಳಬ್ಯಾಡ್ರಿ.” ಅವರು ಹೂಂ ಎಂಬಂತೆ ತಲೆ ಆಡಿಸಿದರು. ಆಮೇಲೆ ಆ ಕೈಯನ್ನು ಕಟ್ಟುವ ಪ್ರಸಂಗವೇ ಬರಲಿಲ್ಲ, ಪೆಗ್ ಟ್ಯೂಬೂ ಬೇಕಾಗಲಿಲ್ಲ. ನಿಧಾನವಾಗಿ ನುಂಗುವುದನ್ನು ಕಲಿತು, ಮೆತ್ತಗಿನ ಅನ್ನ ಉಣ್ಣುತ್ತ ಅವರು ಅಕ್ಕಲಕೋಟಕ್ಕೆ ಮರಳಿದರು.

ಕೆಲವು ತಿಂಗಳ ನಂತರ ರೇವಣಪ್ಪ ತಂದೆಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ತಪಾಸಣೆಗೆ ಬಂದ. ಹಳೆಯ ರೂಢಿ ನೋಡಿ, ನನ್ನ ಜೊತೆ ಮತ್ತೆ ಮರಾಠಿ! ಅಪ್ಪ ಆರಾಮಾಗಿದ್ದಾರೆ, ಹಿಂದಿನದೆಲ್ಲ ಮರೆತಿದ್ದಾರೆ ಎಂದು ನಗುತ್ತ ಹೇಳುತ್ತಿದ್ದ. ಮಲಕಪ್ಪನವರಿಗೆ ಅಷ್ಟರಲ್ಲಿ ಮರಾಠಿಯೂ ತುಸು ಮರಳಿತ್ತೇನೋ, ಎಡಗೈಯಿಂದ ಅವನ ಅಂಗಿಯ ತುದಿ ಜಗ್ಗಿದರು. ತುಟಿ ಒದ್ದಾಡಿತು. ನಂತರ ಒಂದೊಂದೇ ಅಕ್ಷರ ಹೊರಬಂತು.

“ಎಲ್ಲಾ... ಕೇಳೀನಿ.”

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ರೇವಣಪ್ಪನಿಗೆ ಸುಲಭವಾಗುತ್ತಿತ್ತು. ಅವನು ಅಲ್ಲಿಯೇ, ಎಲ್ಲರೆದುರು, ತಂದೆಯ ಮೊಣಕಾಲಿಗೆ ಹಣೆ ಹಚ್ಚಿ ಕುಳಿತುಬಿಟ್ಟ. ನಾನೂ ಅತ್ತುಬಿಟ್ಟೆ.

ಈಗ ಹೊಸ ನರ್ಸುಗಳಿಗೆ ಪಾಠ ಹೇಳಲು ನನ್ನನ್ನು ಕರೆಯುತ್ತಾರೆ. ರೋಗಿ ಬಂದ ಕೂಡಲೇ, ಮನೆಯಲ್ಲಿ ಸಿಟ್ಟು ಬಂದಾಗ ಯಾವ ಭಾಷೆಯಲ್ಲಿ ಬೈಯುತ್ತಾರೆಂದು ಕೇಳಿ ಎನ್ನುತ್ತೇನೆ. ಹುಡುಗಿಯರು ಕಿಸಕ್ಕನೆ ನಗುತ್ತಾರೆ. ನಗಲಿ. ಆಮೇಲೆ ಮಲಕಪ್ಪನವರ ಕಥೆ ಹೇಳಿ ಇಷ್ಟೇ ಸೇರಿಸುತ್ತೇನೆ: ಮಂಚದ ಮೇಲಿರುವವರು ಒಂದು ದಿನ ನಿಮಗೆ ಉತ್ತರ ಕೊಡುತ್ತಾರೆ ಎಂದುಕೊಂಡೇ ಅಲ್ಲಿ ಬಾಯಿ ತೆರೆಯಿರಿ.