ಕಾಲುದಾರಿಯ ಒಣ ಮತ್ತಿ ಮರ

ಯಮಕನಮರಡಿಯ ಆಚೆ ಇರುವ ಗುಡ್ಡದ ಕುರುಚಲು ಕಾಡಿಗೆ ರವಿವಾರ ಬೆಳಿಗ್ಗೆ ಹೋಗುವುದು ನನಗೆ ರೂಢಿ. ಸಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಹುಳುಹುಪ್ಪಡಿ ನೋಡುವ ಹುಚ್ಚು. ಒಂದು ರವಿವಾರ ಅಲ್ಲಿ ಒಂದು ದುಂಬಿ ಕಂಡಿತು. ಕವಳಿ ಕಂಟಿಯ ಬಿಳಿ ಹೂವಿನಲ್ಲಿ ಮುಖ ಹುದುಗಿಸಿ ಪರಾಗ ತಿನ್ನುತ್ತಿತ್ತು. ಹೆಬ್ಬೆರಳಿನ ಉಗುರಿನಷ್ಟು ಉದ್ದ, ಹಿಂದಕ್ಕೆ ಚೂಪಾಗುವ ಕಂದು ಮೈ, ಮೈಯಷ್ಟೇ ಉದ್ದದ ಮೀಸೆ.

ಕಾಡಿನ ಕಾವಲುಗಾರರನ್ನು ನಾನು ಕಾಕಾ ಎನ್ನುತ್ತಿದ್ದೆ. ಅವರನ್ನು ಕರೆದು ತೋರಿಸಿದೆ. ಇದರ ಮರಿಗಳು ಸತ್ತ ಮರವನ್ನು ಕೊರೆಯುತ್ತ ಅದರೊಳಗೇ ಬೆಳೆಯುತ್ತವೆ ಎಂದೆ. ಕಾಲುದಾರಿಗೆ ತಾಗಿ ಒಂದು ಮತ್ತಿ ಮರ ಒಣಗಿ ನಿಂತಿತ್ತು. ಅದನ್ನು ಕಡಿಸಲು ಕಾಕಾ ಆಳು ಗೊತ್ತು ಮಾಡಿದ್ದರು.

“ಕಡಿಸಬ್ಯಾಡ್ರಿ ಕಾಕಾ, ಅದರಾಗ ಇವುಗಳ ಮರಿ ಇರ್ತಾವು.”

ಅವರು ನಕ್ಕರು. “ಹುಳಕ್ಕ ಮನಿ ಬೇಕಂತೀರಿ. ಇರ್ಲಿ ಬಿಡ್ರಿ ಟೀಚರ್, ನಿಮ್ಮ ಸಲುವಾಗಿ ಬಿಡ್ತೇನಿ.”

ಮುಂದಿನ ವರ್ಷ ಬೇಸಿಗೆಯ ಅಡ್ಡಮಳೆಯ ಗಾಳಿಗೆ ಆ ಮತ್ತಿ ಮರದ ದೊಡ್ಡ ಕೊಂಬೆ ಮುರಿಯಿತು. ಕೆಳಗೆ ಕಟ್ಟಿಗೆ ಆರಿಸುತ್ತಿದ್ದವರು ಕಾಕಾನ ಹೆಂಡತಿ, ನಾನು ಕಾಕು ಎನ್ನುತ್ತಿದ್ದವರು. ಬೆನ್ನುಮೂಳೆಗೆ ಪೆಟ್ಟಾಗಿ, ತಿಂಗಳು ದವಾಖಾನೆಯಲ್ಲಿದ್ದು ಮನೆಗೆ ಬಂದಾಗ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ದವಾಖಾನೆಗೆ ಹೋಗುವ ಧೈರ್ಯ ನನಗಾಗಲಿಲ್ಲ.

ಕೊನೆಗೆ ಕಾಡಿಗೆ ಹೋದೆ. ಕಾಕಾ ಒಬ್ಬರೇ ಆ ಮರ ಕಡಿಯುತ್ತಿದ್ದರು. ಬುಡ ಸೀಳಿದಾಗ ಮರದ ಪುಡಿಯೊಂದಿಗೆ ಬೆಳ್ಳನೆಯ ಹುಳುಗಳು ಉದುರಿದವು. ಅವರು ಕೊಡಲಿ ಊರಿ ನೋಡುತ್ತ ನಿಂತರು.

“ನೀವು ಹೇಳಿದ್ದು ಖರೇ ಐತ್ರಿ ಟೀಚರ್,” ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ವಾರವೇ ಗುಡ್ಡದ ಒಣಮರಗಳನ್ನೆಲ್ಲ ಉರುಳಿಸಿದರು. ಈ ಸಲ ನಾನು ತಡೆಯಲಿಲ್ಲ.

ಆಮೇಲೆ ರವಿವಾರ ಅವರ ಮನೆಗೆ ಹೋಗತೊಡಗಿದೆ. ಕಾಕುವನ್ನು ಮಗ್ಗುಲು ಬದಲಿಸಿ ಮಲಗಿಸಲು ಇಬ್ಬರು ಬೇಕಾಗುತ್ತಿತ್ತು. ಬೆನ್ನಿನ ಹುಣ್ಣು ತೊಳೆದು ಔಷಧ ಹಚ್ಚುತ್ತಿದ್ದೆ. ಒಂದು ದಿನ ಹಾಗೆ ಹಚ್ಚುತ್ತಿರುವಾಗ ಕಾಕು ಕೇಳಿದರು:

“ಆ ಗಿಡಾ ಯಾಕ ಬಿಟ್ಟಿದ್ರಂತ ಇವರು ಹೇಳವಲ್ರು. ನಿಮಗ ಗೊತ್ತೈತೇನ್ರಿ?”

ಬಾಗಿಲಲ್ಲಿದ್ದ ಕಾಕಾ ನನ್ನತ್ತ ನೋಡಿ ಬೇಡವೆಂದು ತಲೆಯಾಡಿಸಿದರು. ಇಷ್ಟು ದಿನ ಹೆಂಡತಿಯ ಮುಂದೆ ತಪ್ಪನ್ನು ತಾವೊಬ್ಬರೇ ಹೊತ್ತಿದ್ದರೆಂದು ನನಗೆ ಆಗ ತಿಳಿಯಿತು.

ನಾನು ಎಲ್ಲವನ್ನೂ ಹೇಳಿದೆ.

“ಒಂದು ಹುಳದ ಸಲುವಾಗಿ?” ಎಂದು ಕಾಕು ಕೇಳಿದರು. ನಾನು ಹೌದೆಂದೆ.

“ಇನ್ನ ಬರಬ್ಯಾಡ್ರಿ,” ಎಂದು ಗೋಡೆಯ ಕಡೆ ಮುಖ ತಿರುಗಿಸಿದರು.

ಹಚ್ಚುತ್ತಿದ್ದ ಔಷಧವನ್ನು ಪೂರ್ತಿ ಹಚ್ಚಿ ಎದ್ದೆ. ಕಾಕಾ ರಸ್ತೆಯವರೆಗೂ ಜೊತೆಗೆ ಬಂದರು. ಅಂದಿನಿಂದ ನಾನು ಆ ಮನೆಗೆ ಹೋಗಿಲ್ಲ.