ಮುಚ್ಚಿದ ಕಿಂಡಿ, ಮುಚ್ಚಿಡದ ಮಾತು

ಮೊನ್ನೆ ಹಳೆಯ ಬೀರು ತೆಗೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಅಡರಿತು. ಬೇರೆಯವರಿಗೆ ಆ ವಾಸನೆಯಿಂದ ರೇಷ್ಮೆ ಸೀರೆ ನೆನಪಾಗಬಹುದು. ನನಗೆ ನೆನಪಾಗುವುದು ಸಿ.ಡಿ.ಗಳು. ತ್ಯಾಗರಾಜನಗರದ ಮೇಡಂ ತಮ್ಮ ಸಿ.ಡಿ.ಗಳನ್ನೆಲ್ಲ ಬೀರುವಿನಲ್ಲಿ ಸೀರೆಗಳ ನಡುವೆ ಇಡುತ್ತಿದ್ದರು. ಸಿ.ಡಿ.ಗೆ ನುಸಿ ಹಿಡಿಯುವುದಿಲ್ಲ ಎಂದು ನಾನು ಹೇಳಿದರೆ, ಹಿಡಿದರೆ ನೀನು ಬಂದು ಬಿಡಿಸ್ತೀಯಾ ಎಂದು ಬಾಯಿ ಮುಚ್ಚಿಸುತ್ತಿದ್ದರು.

ಅವರು ಸರ್ಕಾರಿ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ದುಡಿದು, ಸ್ವಯಂ ನಿವೃತ್ತಿ ತೆಗೆದುಕೊಂಡವರು. ಸುಮ್ಮನೆ ಕೂರುವ ಜಾಯಮಾನ ಅಲ್ಲ. ಲ್ಯಾಬು, ನರ್ಸಿಂಗ್ ಹೋಮ್‌ಗಳು ರೋಗಿಗಳ ರಿಪೋರ್ಟನ್ನು ಇಂಟರ್ನೆಟ್ಟಿನಲ್ಲೇ ತೋರಿಸುವಂಥ ಒಂದು ಪ್ರೋಗ್ರಾಂ ಬರೆದು ಓಪನ್ ಸೋರ್ಸ್ ಮಾಡಿಬಿಟ್ಟಿದ್ದರು. ಅಂದರೆ ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಒಳಗಿನ ಕೋಡ್ ಓದಬಹುದು, ತಿದ್ದಿ ಕಳಿಸಬಹುದು. ಪೋಲೆಂಡಿನವನೊಬ್ಬ, ಬ್ರೆಜಿಲ್‌ನವನೊಬ್ಬ ತಿದ್ದಿ ಕಳಿಸುತ್ತಿದ್ದರು. ಅವರಿಬ್ಬರೂ ತಮ್ಮನ್ನು ಬರೀ ಹೆಸರು ಹಿಡಿದು ಕರೆಯುತ್ತಾರೆಂದು ಮೇಡಂಗೆ ಭಾರಿ ಖುಷಿ. ಮನೆಯಲ್ಲಿ ಅತ್ತಿಗೆ, ಚಿಕ್ಕಮ್ಮ, ಅಜ್ಜಿ ಆಗಿ ಆಗಿ ಹೆಸರೇ ಮರೆತುಹೋಗಿತ್ತಂತೆ.

ಎರಡು ಸಾವಿರದ ದಶಕದ ಮೊದಲ ವರ್ಷಗಳು ಅವು. ನಾನು ಗದಗಿನಿಂದ ಬಂದು ಬಿ.ಟಿ.ಎಂ. ಲೇಔಟಿನಲ್ಲಿ ರೂಮು ಹಿಡಿದಿದ್ದೆ. ಜೆ.ಪಿ. ನಗರದ ಲ್ಯಾಬೊಂದರ ಕೌಂಟರಿನಲ್ಲಿ ಕೆಲಸ. ನಮ್ಮ ಲ್ಯಾಬಿನಲ್ಲಿ ಇದ್ದದ್ದೂ ಮೇಡಂ ಬರೆದ ಪ್ರೋಗ್ರಾಮೇ. ಒಂದು ದಿನ ವಯಸ್ಸಾದ ಅಂಕಲ್ ಒಬ್ಬರಿಗೆ ಪಕ್ಕದ ಸೈಬರ್ ಸೆಂಟರಿನಲ್ಲಿ ಅವರ ರಿಪೋರ್ಟು ತೆಗೆಯುವುದು ಹೇಗೆಂದು ತೋರಿಸುತ್ತಿದ್ದೆ. ಪಾಸ್‌ವರ್ಡ್ ಹಾಕಿ ಒಳಗೆ ಹೋದ ಮೇಲೆ, ಪರದೆಯ ಮೇಲ್ತುದಿಯ ವಿಳಾಸದಲ್ಲಿದ್ದ ಅಂಕಿಯೊಂದು ನನ್ನ ಕೈ ತಾಗಿ ಬದಲಾಯಿತು. ಗಮನಿಸದೆ ಎಂಟರ್ ಒತ್ತಿದೆ, ತಟ್ಟನೆ ಬೇರೊಬ್ಬರ ರಿಪೋರ್ಟು ಬಂತು. ನಮ್ಮ ಬೀದಿಯಲ್ಲೇ ಇದ್ದ, ಮದುವೆಯಾಗದ ಹುಡುಗಿಯೊಬ್ಬಳದು. ಏನು ಪರೀಕ್ಷೆ ಎಂಬುದನ್ನು ಆವತ್ತೂ ಯಾರಿಗೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಆದರೆ ಬೀದಿಯ ಬಾಯಿಗೆ ಅದು ಬಿದ್ದಿದ್ದರೆ ಅವಳು ಆ ಬೀದಿಯಲ್ಲಿ ತಲೆಯೆತ್ತಿ ನಡೆಯುವ ಹಾಗಿರಲಿಲ್ಲ.

ಲ್ಯಾಬಿನ ಮಾಲೀಕರಿಗೆ ಓಡಿಹೋಗಿ ಹೇಳಿದೆ. "ನಿನಗ್ಯಾಕಮ್ಮ ಇಲ್ಲದ ಉಸಾಬರಿ?" ಎಂದರು. ನನಗೆ ಮೈಯೆಲ್ಲ ಉರಿಯಿತು. ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರೋಗ್ರಾಂ ಬರೆದವರ ಇ-ಮೇಲ್ ಇತ್ತು. ಅದಕ್ಕೆ ಬರೆದು ಹಾಕಿದೆ. ಮಾರನೆಯ ದಿನವೇ ಉತ್ತರ ಬಂತು. ಮೊದಲ ಸಾಲಿನಲ್ಲಿ ಥ್ಯಾಂಕ್ಸ್. ನೀನು ಯಾರು, ಯಾಕೆ ನೋಡಿದೆ, ನಿಜವೋ ಸುಳ್ಳೋ... ಒಂದೂ ಇಲ್ಲ. ಅದು ಅವರ ಪದ್ಧತಿ. ದೂರು ತಂದವರಿಗೆ ಮೊದಲು ಥ್ಯಾಂಕ್ಸ್, ತನಿಖೆ ಆಮೇಲೆ. ಕೊನೆಯ ಸಾಲಿನಲ್ಲಿ ಮನೆಯ ಫೋನ್ ನಂಬರು. ಫೋನ್ ಮಾಡಿದಾಗ ಮನೆ ತ್ಯಾಗರಾಜನಗರದಲ್ಲಿ ಎಂದರು, ನಾನು ನಂಬಲೇ ಇಲ್ಲ. ಇಂಥದ್ದನ್ನೆಲ್ಲ ಬರೆಯುವವರು ಅಮೆರಿಕದಲ್ಲೇ ಇರುತ್ತಾರೆಂದು ತಿಳಿದಿದ್ದೆ.

ಒಬ್ಬರ ರಿಪೋರ್ಟು ಇನ್ನೊಬ್ಬರಿಗೆ ಕಾಣುತ್ತಿದ್ದ ಆ ಕಿಂಡಿ ಮುಚ್ಚುವುದಕ್ಕೆ ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮುಚ್ಚಿದ್ದನ್ನು ಊರಿಗೆ ಮುಟ್ಟಿಸುವುದೇ ಕಷ್ಟ. ಕ್ಲಿನಿಕ್ಕುಗಳ ಇಂಟರ್ನೆಟ್ಟು ಆಗ ಎತ್ತಿನಗಾಡಿಗಿಂತ ನಿಧಾನ. ಹಾಗಾಗಿ ಮೇಡಂ ತಿದ್ದಿದ ಪ್ರೋಗ್ರಾಮನ್ನು ಸಿ.ಡಿ.ಗೆ ಹಾಕಿ ಕೊಡುತ್ತಿದ್ದರು, ನಾನು ರಜಾ ದಿನಗಳಲ್ಲಿ ಬಸ್ಸು ಹತ್ತಿ ಬನಶಂಕರಿ, ಹನುಮಂತನಗರ, ಬಿಳೇಕಹಳ್ಳಿ ಅಂತ ಹಂಚಿ ಬರುತ್ತಿದ್ದೆ. ಪ್ರೋಗ್ರಾಂ ಬಳಸುತ್ತಾರೆಂದು ಗೊತ್ತಿದ್ದವರಿಗೆಲ್ಲ ಸಿ.ಡಿ. ಮುಟ್ಟುವವರೆಗೆ ಗುಟ್ಟು. ಮುಟ್ಟಿದ ಮೇಲೆ ಇಂಟರ್ನೆಟ್ಟಿನಲ್ಲಿ ಎಲ್ಲರೂ ಓದುವಂತೆ ಪ್ರಕಟಣೆ. ಯಾಕೆಂದರೆ ಇನ್ನೂ ಯಾರು ಯಾರು ಆ ಪ್ರೋಗ್ರಾಮನ್ನು ಇಳಿಸಿಕೊಂಡಿದ್ದಾರೋ ಮೇಡಂಗೇ ಗೊತ್ತಿರಲಿಲ್ಲ. ಬಾಯಿಬಿಟ್ಟು ಹೇಳದೆ ಅವರಿಗೆ ತಿಳಿಯುವುದಾದರೂ ಹೇಗೆ?

ಅಡ್ಡಗಾಲು ಹಾಕಿದ್ದು ಒಂದೇ ಕಂಪನಿ. ಪುಕ್ಕಟೆ ಸಿಕ್ಕ ಪ್ರೋಗ್ರಾಮಿಗೆ ತನ್ನ ಚೀಟಿ ಅಂಟಿಸಿ ನಮ್ಮಂಥ ಲ್ಯಾಬುಗಳಿಗೆ ಮಾರುತ್ತಿದ್ದ ಕಂಪನಿ ಅದು. ಮೇಡಂ ಕೊಟ್ಟ ಸಿ.ಡಿ.ಯನ್ನು ಅವರು ಮುಟ್ಟಲಿಲ್ಲ. ಹಾಕಿದರೆ ಇಷ್ಟು ದಿನ ಕಿಂಡಿ ಇತ್ತೆಂದು ಗಿರಾಕಿಗಳ ಮುಂದೆ ಒಪ್ಪಿಕೊಂಡಂತೆ. ಪ್ರಕಟಣೆಯ ದಿನ ಯಾವುದೆಂದು ಮೇಡಂ ಮೊದಲೇ ತಿಳಿಸಿದ್ದರಿಂದ, ಆ ದಿನ ಮಧ್ಯಾಹ್ನ ಕಂಪನಿಯ ಮ್ಯಾನೇಜರು ಮೇಡಂ ಮನೆಗೇ ಬಂದರು. ನಾನು ಮೂಲೆಯಲ್ಲಿ ಕೂತು ಸಿ.ಡಿ.ಗಳನ್ನು ಕವರಿಗೆ ಹಾಕುತ್ತಿದ್ದೆ. ಮೇಡಂ ಕಾಫಿ ಕೊಟ್ಟರು.

"ಎಲ್ಲರ ಮನೆ ದೋಸೆನೂ ತೂತೇ ಅಲ್ವಾ ಮೇಡಂ?" ಎಂದರು ಮ್ಯಾನೇಜರು. "ಅದನ್ನ ಊರಿಗೆಲ್ಲ ಡಂಗುರ ಸಾರ್ಬೇಕಾ?"

"ದೋಸೆ ತೂತಾದ್ರೆ ಚಟ್ನಿ ಸೋರುತ್ತೆ ಸಾರ್. ಇಲ್ಲಿ ಜನರ ಮಾನ ಸೋರ್ತಿದೆ."

ಮ್ಯಾನೇಜರ ದನಿ ಬದಲಾಯಿತು. ಯಾವಳೋ ಹುಡುಗಿ ಬೇರೆಯವರ ರಿಪೋರ್ಟು ತೆಗೆದು ನೋಡಿದ್ದಾಳೆಂದು ಸುದ್ದಿ ಬಂದಿದೆ, ಅದು ಹ್ಯಾಕಿಂಗ್, ಹೆಸರು ಗೊತ್ತಾದರೆ ಪೊಲೀಸ್ ಕಂಪ್ಲೇಂಟ್ ಕೊಡುತ್ತೇವೆ ಎಂದರು. ಆ ಹುಡುಗಿ ಮೂರು ಮೊಳ ದೂರದಲ್ಲಿ ಕೂತಿದ್ದಾಳೆಂದು ಅವರಿಗೆ ಗೊತ್ತಿರಲಿಲ್ಲ. ಕವರಿಗೆ ಹಾಕಿದ್ದ ಸಿ.ಡಿ.ಯನ್ನೇ ಹೊರತೆಗೆದು ಮತ್ತೆ ಹಾಕಿದೆ.

"ಕಿಂಡಿ ಬಿಟ್ಟೋಳು ನಾನು. ಕಂಪ್ಲೇಂಟ್ ಕೊಡೋದಾದ್ರೆ ನನ್ನ ಮೇಲೆ ಕೊಡಿ. ಕಾಫಿ ಆರ್ತಾ ಇದೆ, ಕುಡೀರಿ," ಎಂದು ಮೇಡಂ ಕಂಪ್ಯೂಟರಿನ ಮುಂದೆ ಹೋಗಿ ಕೂತರು.

ನಾನೂ ಎದ್ದುಹೋಗಿ ಪರದೆ ನೋಡಿದೆ. ಪ್ರಕಟಣೆ ತಯಾರಿತ್ತು. ಕೊನೆಯಲ್ಲಿ ಕಿಂಡಿಯನ್ನು ತಿಳಿಸಿದವರ ಹೆಸರು ಇರಬೇಕಾದಲ್ಲಿ, ಹೆಸರು ಹೇಳಲು ಇಷ್ಟಪಡದವರು ಎಂದು ಹಾಕಿದ್ದರು. ನನ್ನನ್ನು ಕಾಪಾಡಲು. ಅದನ್ನು ನೋಡಿದ್ದೇ ನನಗೆ ಭಯ ಹೋಗಿ ಸಿಟ್ಟು ಬಂತು. ಕಳ್ಳತನ ಮಾಡಿದವಳ ಹಾಗೆ ನಾನೇಕೆ ಅಡಗಬೇಕು?

"ಆ ಹುಡುಗಿ ನಾನಽ ರೀ," ಎಂದೆ ಮ್ಯಾನೇಜರಿಗೆ. "ಮೇಡಂ, ನನ್ನ ಹೆಸರು ಹಾಕ್ರಿ."

"ಯೋಚ್ನೆ ಮಾಡಿ ಹೇಳ್ತಿದ್ದೀಯೇನೇ?"

"ಮಾಡೇನ್ರಿ."

ಮೇಡಂ ಆ ಸಾಲು ಅಳಿಸಿ ನನ್ನ ಹೆಸರು ಬರೆದರು. ಇಂಟರ್ನೆಟ್ಟಿಗೆ ಜೋಡಿಸುವ ಮೋಡೆಮ್ ಪೆಟ್ಟಿಗೆ ಕಿರ್ರ್ ಎಂದು ಅರಚಿಕೊಂಡು ಲೈನು ಹುಡುಕಿತು. ಸಿಗಲಿಲ್ಲ. ಮತ್ತೆ ಹಚ್ಚಿದರು.  ಮೂವರೂ ಆ ಪೆಟ್ಟಿಗೆಯನ್ನೇ ನೋಡುತ್ತಿದ್ದೆವು. ಕಡೆಗೂ ಲೈನು ಸಿಕ್ಕಿತು, ಪ್ರಕಟಣೆ ಹೋಯಿತು. ಮ್ಯಾನೇಜರು ಕಾಫಿ ಮುಟ್ಟದೆ ಚಪ್ಪಲಿ ಮೆಟ್ಟಿಕೊಂಡರು.

ಇಷ್ಟು ದಿನ ಆಗದ ಕೆಲಸ ಮಾರನೆಯ ದಿನವೇ ಆಯಿತು. ಕಂಪನಿಯವರು ಲ್ಯಾಬುಗಳಿಗೆಲ್ಲ ಓಡಾಡಿ ಹೊಸ ಸಿ.ಡಿ. ಹಾಕಿದರು. ಪೊಲೀಸರು ಬರಲಿಲ್ಲ. ಕಂಪ್ಲೇಂಟಿನಲ್ಲಿ ನಾನು ನೋಡಿದ್ದೇನು ಎಂದು ಬರೆಯಬೇಕಲ್ಲ, ಬರೆದರೆ ಅವರ ಬಂಡವಾಳವೇ ಬಯಲು. ನನ್ನ ಕೆಲಸ ಮಾತ್ರ ಹೋಯಿತು. ಹೋಗಲಿ. ನಮ್ಮ ಬೀದಿಯ ಹುಡುಗಿ ತರಕಾರಿ ಅಂಗಡಿಯಲ್ಲಿ ಸಿಕ್ಕಾಗ ಎಂದಿನಂತೆ ನಕ್ಕಳು; ಅವಳಿಗೆ ಏನೂ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ.

ಕೆಲಸ ಹೋಯಿತೆಂದು ಹೇಳಿದಾಗ ಮೇಡಂ ಸಮಾಧಾನದ ಮಾತೇನೂ ಆಡಲಿಲ್ಲ. ಕುರ್ಚಿ ಎಳೆದು ಪಕ್ಕಕ್ಕೆ ಕೂರಿಸಿಕೊಂಡು, ಇನ್ನು ಮೇಲೆ ಬರುವ ದೂರುಗಳನ್ನು ನೀನೇ ನೋಡು ಎಂದರು. ಹಾಗೆ ಕಲಿತ ವಿದ್ಯೆಯಿಂದಲೇ ಇವತ್ತಿಗೂ ನನ್ನ ಅನ್ನ. ಹೆಸರು ಹಾಕುವುದು ಬಿಡುವುದು ತಿಳಿಸಿದವರ ಇಷ್ಟ, ಇನ್ನಾರ ಇಷ್ಟವೂ ಅಲ್ಲ ಎಂಬುದು ಅವರು ಹೇಳಿಕೊಟ್ಟ ಮೊದಲ ಪಾಠ.

ಮೇಡಂ ತೀರಿಹೋಗಿ ವರ್ಷಗಳಾದವು. ಪ್ರೋಗ್ರಾಂ ಇನ್ನೂ ಉಸಿರಾಡುತ್ತಿದೆ, ನಾನೇ ನೋಡಿಕೊಳ್ಳುತ್ತೇನೆ. ಕಳೆದ ವಾರ ಆಸ್ಪತ್ರೆಯೊಂದರ ವಕೀಲರು ಫೋನ್ ಮಾಡಿದ್ದರು. ಹೊಸದೊಂದು ಕಿಂಡಿಯನ್ನು ನನಗೆ ತಿಳಿಸಿದವರ ಹೆಸರು ಅವರಿಗೆ ಬೇಕಂತೆ. ತಿಳಿಸಿದವರು ಹೆಸರು ಬೇಡ ಎಂದಿದ್ದಾರೆ, ಕೊಡುವುದಿಲ್ಲ ಎಂದೆ. ಹಾಗಾದರೆ ನಿಮಗೇ ನೋಟಿಸು ಬರುತ್ತದೆ ಎಂದರು. ಬರಲಿ ಎಂದು ನನ್ನ ವಿಳಾಸವನ್ನು ಪಿನ್‌ಕೋಡ್ ಸಮೇತ ನಿಧಾನವಾಗಿ ಹೇಳಿ ಬರೆಸಿದೆ.

ಫೋನಿಟ್ಟ ಮೇಲೆ ನೋಡಿದರೆ ಕೈ ನಡುಗುತ್ತಿತ್ತು. ಪ್ರಕಟಣೆ ಕಳಿಸಿದ ಆ ಮಧ್ಯಾಹ್ನ ಮೇಡಂ ಕೈಯೂ ಹೀಗೆಯೇ ನಡುಗಿತ್ತೇ... ನಾನು ಆ ಮೋಡೆಮ್ ಪೆಟ್ಟಿಗೆಯನ್ನೇ ನೋಡುತ್ತಿದ್ದೆ, ಅವರ ಕೈ ನೋಡಿರಲಿಲ್ಲ. ಕೇಳೋಣವೆಂದರೆ ಅವರಿಲ್ಲ.